ಅನಂತವಾತ, ಅರ್ಧಾವಭೇದಕ ಮತ್ತು ಹಿಂದಲೆಯ ನರಸ್ತಂಭನ

೧

ತಲೆನೋವೆಂಬ ಮಾತು ಕನ್ನಡಿಗರ ನಾಲಗೆಗೆ ಎಷ್ಟು ಸುಲಭವಾಗಿ ಬರುತ್ತದೆಯೋ ಅದರ ಅರ್ಥವು ಅಷ್ಟೇ ಅಸ್ಪಷ್ಟವಾಗಿದೆ. ಬಿಸಿಲಿನಲ್ಲಿ ನಡೆದು ಬಂದವನ ನೋವೂ, ನೆಗಡಿ ಹಿಡಿದವನ ನೋವೂ, ತಿಂಗಳಿಗೊಮ್ಮೆ ಅರ್ಧ ತಲೆಯನ್ನು ಸೀಳುವಂತೆ ಬಂದು ದಿನವೆಲ್ಲ ಮಲಗಿಸುವ ನೋವೂ, ನಡುರಾತ್ರಿಯಲ್ಲಿ ಒಂದು ಕಣ್ಣಿನ ಹಿಂದೆ ಕಾದ ಸಲಾಕೆಯನ್ನು ಚುಚ್ಚಿದಂತೆ ಎದ್ದು ಎರಡು ಮೂರು ಗಳಿಗೆಯಲ್ಲಿ ಅಡಗಿಹೋಗುವ ನೋವೂ ಒಂದೇ ಹೆಸರಿನಿಂದ ವ್ಯವಹೃತವಾಗುತ್ತಿವೆ. ಸ್ವಲ್ಪ ಓದಿದವರು ಕಡೆಯ ಎರಡನ್ನೂ ಅರೆತಲೆನೋವೆನ್ನುವರು. ಸಂಸ್ಕೃತವನ್ನು ಬಲ್ಲವರು ಅರ್ಧಾವಭೇದಕವೆನ್ನುವರು. ಹೆಸರು ಒಂದಾದ ಮಾತ್ರಕ್ಕೆ ರೋಗವು ಒಂದಾಗುವುದಿಲ್ಲ. ರೋಗವು ಬೇರೆಯಾಗಿದ್ದು ಹೆಸರು ಒಂದಾದರೆ ಚಿಕಿತ್ಸೆಯು ದಾರಿ ತಪ್ಪುವುದು ಮಾತ್ರ ನಿಶ್ಚಯ.

ಮೇಲೆ ಕಡೆಯಲ್ಲಿ ಹೇಳಿದ ನೋವಿಗೆ ಆಧುನಿಕ ವೈದ್ಯರು ಕ್ಲಸ್ಟರ್ ತಲೆನೋವೆಂದು ಹೆಸರಿಟ್ಟಿದ್ದಾರೆ. ಕ್ಲಸ್ಟರ್ ಎಂದರೆ ಗೊಂಚಲು. ಈ ನೋವಿಗೆ ಅವರು ಮಾಡುವ ಚಿಕಿತ್ಸೆಗಳಲ್ಲಿ ಒಂದು ವಿಲಕ್ಷಣವಾದುದು: ನೋವಿರುವುದು ಕಣ್ಣಿನಲ್ಲಿ, ಸೂಜಿಯನ್ನು ಚುಚ್ಚುವುದು ಹಿಂದಲೆಯಲ್ಲಿ. ಇದನ್ನು ಕೇಳಿದ ರೋಗಿಯು ಬೆರಗಾಗುವುದು ಸಹಜ. ಆದರೆ ಕತ್ತಿನ ಹಿಂಭಾಗಕ್ಕೂ ಕಣ್ಣಿನ ನೋವಿಗೂ ಇರುವ ನಂಟನ್ನು ಸುಶ್ರುತಸಂಹಿತೆಯು ಬಹು ಹಿಂದೆಯೇ ಗುರುತಿಸಿದೆ. ಹಳೆಯ ಲಕ್ಷಣವಾಕ್ಯಗಳು ಎಷ್ಟು ದೂರ ನಮ್ಮನ್ನು ಕರೆದೊಯ್ಯುತ್ತವೆ, ಎಲ್ಲಿ ನಿಲ್ಲುತ್ತವೆ, ಅಲ್ಲಿಂದ ಮುಂದೆ ಕನ್ನಡಕ್ಕೆ ಯಾವ ಹೊಸ ಹೆಸರುಗಳು ಬೇಕು ಎಂಬುದನ್ನು ನಿರ್ಣಯಿಸುವುದೇ ಈ ಲೇಖನದ ಉದ್ದೇಶ. ಮೈಸೂರಿಗೆ ಪಡುವಲಾಗಿ ಅರ್ಧಚಂದ್ರಾಕಾರವಾಗಿ ಹಬ್ಬಿರುವ ಕೃಷ್ಣರಾಜನಗರ, ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳಿಗೆ ಈ ವಿಚಾರದಲ್ಲಿ ವಿಶೇಷವಾದ ಸಂಬಂಧವುಂಟು; ಅದರ ಕಾರಣವು ಮುಂದೆ ತಿಳಿಯುವುದು.

೨

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ೨೫ನೆಯ ಅಧ್ಯಾಯವು ಶಿರೋರೋಗಗಳ ಲಕ್ಷಣವನ್ನೂ ೨೬ನೆಯ ಅಧ್ಯಾಯವು ಅವುಗಳ ಚಿಕಿತ್ಸೆಯನ್ನೂ ಹೇಳುತ್ತವೆ. ಅಲ್ಲಿ ಎಣಿಸಿರುವ ಶಿರೋರೋಗಗಳು ಹನ್ನೊಂದು. ವಾತ, ಪಿತ್ತ, ಕಫ, ಸನ್ನಿಪಾತ, ರಕ್ತ, ಕ್ಷಯ, ಕ್ರಿಮಿ ಎಂಬ ಕಾರಣಗಳಿಂದ ಹುಟ್ಟುವ ಏಳನ್ನು ಬಿಟ್ಟರೆ ಉಳಿಯುವವು ಸೂರ್ಯಾವರ್ತ, ಅನಂತವಾತ, ಅರ್ಧಾವಭೇದಕ, ಶಂಖಕ ಎಂಬ ನಾಲ್ಕು. ಮೊದಲಿನ ಏಳಕ್ಕೆ ಕಾರಣದಿಂದ ಹೆಸರು ಬಂದಿದೆ. ಈ ನಾಲ್ಕಕ್ಕಾದರೋ ರೋಗವು ತೋರುವ ರೂಪದಿಂದಲೇ ಬಹುಮಟ್ಟಿಗೆ ಹೆಸರು ಬಂದಿದೆ. ಚರಕಸಂಹಿತೆಯ ಸಿದ್ಧಿಸ್ಥಾನದ ೯ನೆಯ ಅಧ್ಯಾಯದಲ್ಲಿಯೂ ಈ ನಾಲ್ಕೂ ಬಂದಿವೆ.

ಸೂರ್ಯಾವರ್ತವು ಸೂರ್ಯನೊಡನೆ ಹುಟ್ಟಿ, ಕಣ್ಣು ಹುಬ್ಬುಗಳಲ್ಲಿ ಮೆಲ್ಲನೆ ತೊಡಗಿ, ಹೊತ್ತೇರಿದಂತೆ ಏರಿ, ಹೊತ್ತಿಳಿದಂತೆ ಇಳಿಯುವ ನೋವು. ಅರ್ಧಾವಭೇದಕವು ತಲೆಯ ಒಂದು ಪಾಲನ್ನು ಹಿಡಿದು ತಿವಿಯುವ, ಸೀಳುವ ನೋವು. ಹದಿನೈದು ದಿನಕ್ಕೋ ಹತ್ತು ದಿನಕ್ಕೋ ಅಕಸ್ಮಾತ್ತಾಗಿ ಬರುವುದೆಂದು ಸುಶ್ರುತನ ಮತ. ಪಕ್ಷಕ್ಕೋ ಮಾಸಕ್ಕೋ ಕೆರಳಿ ತಾನಾಗಿಯೇ ಶಮನವಾಗುವುದೆಂದು ವಾಗ್ಭಟನು ಸೇರಿಸಿದ್ದಾನೆ. ಕತ್ತು, ಹುಬ್ಬು, ಕಪೋಲದ ಮೇಲಿನ ಶಂಖಪ್ರದೇಶ, ಕಿವಿ, ಕಣ್ಣು, ಹಣೆ ಇವುಗಳ ಅರ್ಧಭಾಗದಲ್ಲಿ ಶಸ್ತ್ರದಿಂದ ಇರಿದಂತೆ, ಅರಣಿಯಿಂದ ಕಡೆದಂತೆ ನೋವಾಗುವುದೆಂದು ಚರಕದಲ್ಲಿ ಹೇಳಿದೆ. ಶಂಖಕವು ಕೆನ್ನೆಯ ಮೇಲ್ಭಾಗದಲ್ಲಿ ಉರಿ ಬಾವುಗಳೊಡನೆ ಹುಟ್ಟಿ ಮೂರು ರಾತ್ರಿಗಳಲ್ಲಿ ಪ್ರಾಣವನ್ನೇ ತೆಗೆಯುವುದಾದುದರಿಂದ ಪ್ರಕೃತಕ್ಕೆ ಹೊರಗಾದುದು.

ಇನ್ನು ಅನಂತವಾತ. ಮೂರು ದೋಷಗಳೂ ಕೆಟ್ಟು ಮನ್ಯೆಯನ್ನು, ಎಂದರೆ ಕತ್ತಿನ ಹಿಂಬದಿಯ ನರಗಳನ್ನು, ಪೀಡಿಸಿ, ಹೆಗ್ಗತ್ತಿನಲ್ಲಿ ತೀವ್ರವಾದ ನೋವನ್ನು ಹುಟ್ಟಿಸಿ, ಬಳಿಕ ಬೇಗನೆ ಕಣ್ಣು, ಹುಬ್ಬು, ಶಂಖಪ್ರದೇಶಗಳಲ್ಲಿ ನೆಲೆಗೊಳ್ಳುವುದೆಂದು ಅದರ ಲಕ್ಷಣ. ಕೆನ್ನೆಯ ಪಕ್ಕದಲ್ಲಿ ಅದುರುವುದು, ದವಡೆ ಹಿಡಿದುಕೊಳ್ಳುವುದು, ಕಣ್ಣಿನ ವಿಕಾರಗಳು ಇವು ಅದರ ಅನುಬಂಧಗಳು. ಇದಕ್ಕೆ ಸೂರ್ಯಾವರ್ತದ ಚಿಕಿತ್ಸೆಯನ್ನು ಮಾಡಬೇಕೆಂದೂ ಸಿರಾವ್ಯಧವನ್ನು ಮಾಡಬೇಕೆಂದೂ ವಿಧಿಸಿದೆ. ಶಿರೋರೋಗದಲ್ಲಿ ಹುಬ್ಬು, ಹಣೆ, ಶಂಖಗಳಲ್ಲಿ ಸುಡುವ ಅಗ್ನಿಕರ್ಮವೂ ಸುಶ್ರುತನ ಸೂತ್ರಸ್ಥಾನದಲ್ಲಿ ಉಕ್ತವಾಗಿದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳ ಹಣೆಗೆ ಬರೆ ಹಾಕುತ್ತಿದ್ದ ಪದ್ಧತಿಯು ಇಂಥ ವಿಧಿಗಳ ಅಪಭ್ರಂಶವಿರಬಹುದು. ಅದನ್ನು ಈಗ ಯಾರೂ ಅನುಸರಿಸತಕ್ಕದ್ದಲ್ಲ.

ಈ ಲಕ್ಷಣಗಳಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ನೋವು ಕಾಲವನ್ನು ಬಲ್ಲುದು ಎಂಬುದು ಒಂದು. ಕಣ್ಣಿನ ನೋವಿಗೆ ಹೆಗ್ಗತ್ತಿನಲ್ಲಿ ಮೂಲವಿರಬಹುದು ಎಂಬುದು ಇನ್ನೊಂದು. ಈ ಎರಡನ್ನೂ ಇಂದಿನ ವೈದ್ಯಶಾಸ್ತ್ರವು ಬೇರೆ ದಾರಿಯಲ್ಲಿ ಬಂದು ಒಪ್ಪುತ್ತದೆ. ಹಾಗೆಂದು ಅನಂತವಾತವೇ ಕ್ಲಸ್ಟರ್ ತಲೆನೋವೆಂದು ಕೂಡಲೇ ಸಿದ್ಧಾಂತ ಮಾಡಿಬಿಡುವುದು ಸರಿಯಲ್ಲ. ದವಡೆ ಹಿಡಿಯುವುದೂ ಕೆನ್ನೆ ಅದುರುವುದೂ ಕ್ಲಸ್ಟರಿನ ಲಕ್ಷಣಗಳಲ್ಲ. ಅವನ್ನು ನೋಡಿ ಅನಂತವಾತವನ್ನು ಮುಖದ ನರಶೂಲೆಯೊಂದಿಗೆ ಹೊಂದಿಸಿರುವ ಆಯುರ್ವೇದ ಪಂಡಿತರೂ ಇದ್ದಾರೆ. ಸೂರ್ಯಾವರ್ತವು ಹಗಲಿನ ನೋವು, ಕ್ಲಸ್ಟರಾದರೋ ಹೆಚ್ಚಾಗಿ ಇರುಳಿನ ನೋವು. ಅರ್ಧಾವಭೇದಕದ ಪಕ್ಷಾಂತರ ಮಾಸಾಂತರದ ಆವೃತ್ತಿಯು ಮೈಗ್ರೇನಿಗೆ ಒಪ್ಪುತ್ತದೆ. ದಿನಕ್ಕೆ ಹಲವು ಸಲ ಮರುಕಳಿಸುವ ಕ್ಲಸ್ಟರಿಗೆ ಒಪ್ಪುವುದಿಲ್ಲ. ಆದಕಾರಣ ಹಳೆಯ ನಾಲ್ಕು ಹೆಸರುಗಳಲ್ಲಿ ಯಾವುದೊಂದೂ ಈ ರೋಗದ ಮೇಲೆ ಪೂರ್ತಿಯಾಗಿ ಕೂಡುವುದಿಲ್ಲ.

೩

ಹಾಗಾದರೆ ಈ ರೋಗದ ಸ್ವರೂಪವೇನು? ಯೂರೋಪಿನಲ್ಲಿ ೧೭೪೫ರಷ್ಟು ಹಿಂದೆಯೇ ಗೆರಾರ್ಡ್ ವಾನ್ ಸ್ವೀಟನ್ ಎಂಬ ವೈದ್ಯನು ಪ್ರತಿದಿನ ಒಂದೇ ಹೊತ್ತಿಗೆ ಎಡಗಣ್ಣಿನ ಮೇಲೆ ನೋವೇಳುತ್ತಿದ್ದ ರೋಗಿಯೊಬ್ಬನನ್ನು ವರ್ಣಿಸಿದ್ದನು. ೧೯೨೬ರಲ್ಲಿ ಲಂಡನ್ನಿನ ವಿಲ್ಫ್ರೆಡ್ ಹ್ಯಾರಿಸ್, ೧೯೩೯ರಲ್ಲಿ ಅಮೆರಿಕದ ಬೇಯಾರ್ಡ್ ಹಾರ್ಟನ್ ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ನೋವುಗಳು ಗೊಂಚಲು ಗೊಂಚಲಾಗಿ ಬರುವುದನ್ನು ಕಂಡು ೧೯೫೨ರಲ್ಲಿ ಚಾರ್ಲ್ಸ್ ಕಂಕಲ್ ಎಂಬಾತನು ಈಗಿನ ಹೆಸರನ್ನು ರೂಢಿಗೆ ತಂದನು.

ಇದು ಯಾವಾಗಲೂ ಒಂದೇ ಪಕ್ಕದಲ್ಲಿ, ಕಣ್ಣಿನ ಒಳಗೂ ಸುತ್ತಲೂ, ಶಂಖದಲ್ಲಿಯೂ ಏಳುತ್ತದೆ. ಒಂದೊಂದು ಆವೇಗವೂ ಹದಿನೈದು ನಿಮಿಷದಿಂದ ಮೂರು ಗಂಟೆಯ ವರೆಗೆ ಇರುವುದು. ದಿನ ಬಿಟ್ಟು ದಿನಕ್ಕೊಂದರಿಂದ ಹಿಡಿದು ದಿನಕ್ಕೆ ಎಂಟರ ವರೆಗೆ ಆವೇಗಗಳು ಬರಬಹುದು. ನೋವಿರುವ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುವುದು; ಅದೇ ಕಡೆಯ ಮೂಗು ಕಟ್ಟುವುದು ಅಥವಾ ಸೋರುವುದು; ರೆಪ್ಪೆ ಇಳಿಬೀಳುವುದು, ಪಾಪೆ ಕಿರಿದಾಗುವುದು, ಹಣೆ ಬೆವರುವುದು. ಇಂಥ ಆವೇಗಗಳು ಕೆಲವು ವಾರಗಳಿಂದ ಕೆಲವು ತಿಂಗಳ ವರೆಗೆ ಸಾಲಾಗಿ ಬಂದು, ಆಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಳಿವೇ ಇಲ್ಲದೆ ಹೋಗುವುವು. ನೂರಕ್ಕೆ ಹತ್ತು ಹದಿನೈದು ಮಂದಿ ರೋಗಿಗಳಿಗೆ ಮಾತ್ರ ಈ ಬಿಡುವೂ ದೊರೆಯದು. ನಿದ್ದೆ ಹತ್ತಿದ ಒಂದೆರಡು ಗಂಟೆಗೆ ಗಡಿಯಾರ ಹೊಡೆದಂತೆ ಎಚ್ಚರಿಸುವುದು ಇದರ ವಾಡಿಕೆ. ೧೯೯೮ರಲ್ಲಿ ಮೆದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ನಿದ್ರಾಜಾಗರಗಳ ಕಾಲವನ್ನು ನಿಯಮಿಸುವ ಹೈಪೊಥಲಾಮಸ್ ಎಂಬ ಭಾಗವು ಆವೇಗದ ಸಮಯದಲ್ಲಿ ಚುರುಕಾಗಿರುವುದು ಕಂಡುಬಂದಿತು. ನೋವು ಕಾಲವನ್ನು ಬಲ್ಲುದೆಂಬ ಹಳೆಯ ಮಾತಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಡ.

ಮೈಗ್ರೇನಿಗೂ ಇದಕ್ಕೂ ಇರುವ ಭೇದವು ರೋಗಿಯ ನಡವಳಿಕೆಯಲ್ಲಿಯೇ ಎದ್ದು ಕಾಣುತ್ತದೆ. ಮೈಗ್ರೇನಿನವನು ಬೆಳಕಿಗೆ ಸದ್ದಿಗೆ ಅಂಜಿ, ವಾಂತಿಯಿಂದ ಬಳಲಿ, ಕತ್ತಲೆಕೋಣೆಯಲ್ಲಿ ಅಲುಗದೆ ಮಲಗುವನು. ಅವನ ನೋವು ನಾಲ್ಕು ಗಂಟೆಯಿಂದ ಮೂರು ದಿನದ ವರೆಗೆ ಇರುವುದು. ಕ್ಲಸ್ಟರಿನವನು ಮಲಗಲಾರನು, ಎದ್ದು ಅತ್ತಿಂದಿತ್ತ ತಿರುಗುವನು, ತಲೆಯನ್ನು ಅದುಮಿಕೊಳ್ಳುವನು, ಗೋಡೆಗೆ ಚಚ್ಚಿಕೊಳ್ಳುವುದೂ ಉಂಟು. ಮೊದಲನೆಯದು ಹೆಂಗಸರಲ್ಲಿ ಹೆಚ್ಚು, ಎರಡನೆಯದು ಗಂಡಸರಲ್ಲಿ ಹೆಚ್ಚು. ಮೊದಲನೆಯದು ಬಹು ಸಾಮಾನ್ಯ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿದ್ವಾಂಸರು ನಗರದಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ೨,೩೨೯ ಮಂದಿಯನ್ನು ವಿಚಾರಿಸಿದಾಗ ಸುಮಾರು ಕಾಲುಭಾಗದವರಿಗೆ ವರ್ಷದೊಳಗೆ ಮೈಗ್ರೇನು ಬಂದಿತ್ತೆಂದು ತಿಳಿಯಿತು. ಎರಡನೆಯದು ಸಾವಿರಕ್ಕೆ ಒಬ್ಬರಿಗೆ ಬರುವಂಥದು. ಸಾಮಾನ್ಯವಾದುದರ ನೆರಳಿನಲ್ಲಿ ವಿರಳವಾದುದು ಅಡಗುವುದು ಲೋಕಸ್ವಭಾವ. ಈ ರೋಗಿಯು ಮೂಗು ಸೋರುವುದೆಂದು ಮೂಗಿನ ವೈದ್ಯನ ಬಳಿಗೆ, ಕಣ್ಣು ಕೆಂಪಾಯಿತೆಂದು ಕಣ್ಣಿನ ವೈದ್ಯನ ಬಳಿಗೆ, ದವಡೆಗೆ ಇಳಿಯಿತೆಂದು ಹಲ್ಲಿನ ವೈದ್ಯನ ಬಳಿಗೆ ಅಲೆದು, ನಿರ್ದೋಷವಾದ ಹಲ್ಲನ್ನೇ ಕೀಳಿಸಿಕೊಂಡು ಬಂದ ನಿದರ್ಶನಗಳು ವೈದ್ಯಗ್ರಂಥಗಳಲ್ಲಿ ಎಲ್ಲ ದೇಶಗಳಿಂದಲೂ ದಾಖಲಾಗಿವೆ.

೪

ಈ ನಾಲ್ಕು ತಾಲ್ಲೂಕುಗಳ ಪ್ರಸ್ತಾಪಕ್ಕೆ ಕಾರಣವು ಹೊಗೆಸೊಪ್ಪು. ಇವು ಕರ್ನಾಟಕದ ವರ್ಜೀನಿಯ ತಂಬಾಕಿನ ನೆಲೆಗಳು. ಮೇ ಜೂನ್ ತಿಂಗಳ ಮಳೆಗೆ ಸಸಿ ನೆಟ್ಟು, ಎಲೆ ಬಲಿತಂತೆ ಮುರಿದು, ಬ್ಯಾರನ್ನಿನಲ್ಲಿ ಕಟ್ಟಿ, ಸೌದೆಯ ಬೆಂಕಿಯಿಂದ ಹದಮಾಡಿ, ಹರಾಜುಕಟ್ಟೆಗೆ ಸಾಗಿಸುವುದು ಇಲ್ಲಿಯ ಒಕ್ಕಲಿನ ವರ್ಷಚಕ್ರ. ೧೯೮೪ರಿಂದ ತಂಬಾಕು ಮಂಡಲಿಯ ಹರಾಜು ಇಲ್ಲಿ ನಡೆದುಬಂದಿದೆ.

ಈ ಗಿಡವು ನಮ್ಮ ನಾಡಿಗೆ ಹಳೆಯದಲ್ಲ. ಪೋರ್ಚುಗೀಸರ ಮೂಲಕ ಅದು ಭರತಖಂಡಕ್ಕೆ ಬಂದು ಹರಡಿದುದು ಹದಿನಾರನೆಯ ಶತಮಾನದ ಕೊನೆಗೂ ಹದಿನೇಳನೆಯದರ ಮೊದಲಿಗೂ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನು ಕನ್ನಡಿಸಿದ ಜಗದ್ದಳ ಸೋಮನಾಥನಾಗಲಿ, ಹದಿನಾಲ್ಕನೆಯದರಲ್ಲಿ ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯವನ್ನು ಬರೆದ ಮಂಗರಾಜನಾಗಲಿ ಇದನ್ನು ಅರಿತಿರಲು ಸಾಧ್ಯವಿಲ್ಲ. ಹುಣಸೂರಿನ ಸೀಮೆಯ ಕಲ್ಲಹಳ್ಳಿಯಲ್ಲಿಯೇ ಇದ್ದು ಹದಿನಾರನೆಯ ಶತಮಾನದ ಆದಿಯಲ್ಲಿ ಸೂಪಶಾಸ್ತ್ರವನ್ನು ರಚಿಸಿದ ಮೂರನೆಯ ಮಂಗರಸನೂ ತನ್ನ ಹೊಲಗಳಲ್ಲಿ ಈ ಎಲೆಯನ್ನು ಕಂಡವನಲ್ಲ. ಹೀಗಿರಲು ಹಳೆಯ ಗ್ರಂಥಗಳ ನಿದಾನದಲ್ಲಿ ಹೊಗೆಸೊಪ್ಪನ್ನು ಹುಡುಕುವುದು ವ್ಯರ್ಥ. ಅದಿಲ್ಲವೆಂದು ಗ್ರಂಥಗಳನ್ನು ದೂರುವುದೂ ಅನ್ಯಾಯ.

ಈ ಎಲೆಗೂ ತಲೆನೋವಿಗೂ ಎರಡು ಬಗೆಯ ಸಂಬಂಧವಿದೆ, ಅವೆರಡನ್ನೂ ಬೆರಸಬಾರದು. ಮೊದಲನೆಯದು ಬೆಳೆಯುವವನದು. ಮಳೆ ಮಂಜುಗಳಿಂದ ಒದ್ದೆಯಾದ ಹಸಿಯೆಲೆಯನ್ನು ಬರಿಗೈಯಿಂದ ಮುರಿದು ಹೊರುವವರ ಚರ್ಮದ ಮೂಲಕ ನಿಕೋಟಿನ್ ಎಂಬ ವಿಷಾಂಶವು ಒಳಸೇರಿ ತಲೆನೋವು, ತಲೆಸುತ್ತು, ಓಕರಿಕೆ, ವಾಂತಿಗಳನ್ನು ಹುಟ್ಟಿಸುವುದು. ಇದು ಒಂದೆರಡು ದಿನದಲ್ಲಿ ಕಳೆಯುವುದು. ಕೈಗವಸು, ಒಣಬಟ್ಟೆ, ಕೂಡಲೇ ಮೈತೊಳೆಯುವುದು ಇವೇ ಇದಕ್ಕೆ ರಕ್ಷೆ. ಎರಡನೆಯದು ಸೇದುವವನದು. ಕ್ಲಸ್ಟರ್ ತಲೆನೋವಿನವರಲ್ಲಿ ಬೀಡಿ ಸಿಗರೇಟುಗಳನ್ನು ಸೇದುವವರ ಅಥವಾ ಸೇದಿ ಬಿಟ್ಟವರ ಪ್ರಮಾಣವು ಉಳಿದವರಲ್ಲಿರುವುದಕ್ಕಿಂತ ಬಹಳ ಹೆಚ್ಚೆಂದು ನಾನಾ ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ. ಸೇದುವುದೇ ರೋಗಕ್ಕೆ ಮೂಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬಿಟ್ಟ ಕೂಡಲೆ ರೋಗವು ನಿಲ್ಲುವುದೂ ಇಲ್ಲ. ಆದರೂ ಬಿಡುವುದು ಸರ್ವಥಾ ಹಿತ. ಸಾಲು ನಡೆಯುತ್ತಿರುವಾಗ ಮದ್ಯವನ್ನು ಮುಟ್ಟಿದರೆ ಬಹುಮಂದಿಗೆ ಅಲ್ಪಕಾಲದಲ್ಲಿಯೇ ಆವೇಗವು ಏಳುವುದಾದುದರಿಂದ ಅದು ವರ್ಜ್ಯ.

ಸೊಪ್ಪಿನ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾಯುವ ಒಬ್ಬ ಒಕ್ಕಲಿಗನನ್ನು ಊಹಿಸಿಕೊಳ್ಳಬಹುದು. ಅವನಿಗೆ ಕಣ್ಣಿನ ಹಿಂದೆ ನೋವೆದ್ದರೆ ಸೌದೆಯ ಹೊಗೆಯೆನ್ನುವರು. ಓಕರಿಸಿದರೆ ಹಸಿಸೊಪ್ಪಿನ ನಂಜೆನ್ನುವರು. ಮರುದಿನ ಗೆಲುವಾಗಿದ್ದರೆ ನೆವವೆನ್ನುವರು. ಮೂರು ಬೇರೆ ಬೇರೆ ನೋವುಗಳಿಗೆ ಒಂದೇ ಹೆಸರಿರುವ ಊರಿನಲ್ಲಿ ನಾಲ್ಕನೆಯದನ್ನು ಗುರುತಿಸುವವರು ಯಾರು? ಹೆಸರಿನ ಪ್ರಶ್ನೆಯು ಕೇವಲ ನಿಘಂಟುಕಾರರ ಪ್ರಶ್ನೆಯಲ್ಲವೆಂಬುದು ಇಲ್ಲಿ ವ್ಯಕ್ತವಾಗುತ್ತದೆ.

೫

ಇನ್ನು ಚಿಕಿತ್ಸೆ. ಎದ್ದ ಆವೇಗವನ್ನು ಅಡಗಿಸುವುದು, ಮುಂದಿನವು ಏಳದಂತೆ ತಡೆಯುವುದು ಎಂದು ಅದು ಎರಡು ಬಗೆ. ಎದ್ದುದಕ್ಕೆ ಶುದ್ಧವಾದ ಆಮ್ಲಜನಕವನ್ನು ಮುಖವಾಡದ ಮೂಲಕ ನಿಮಿಷಕ್ಕೆ ೧೨ ಲೀಟರಿನಂತೆ ಹದಿನೈದು ನಿಮಿಷ ಸೇದಿಸುವುದು ಪ್ರಶಸ್ತ. ೨೦೦೯ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆಮ್ಲಜನಕದಿಂದ ನೂರಕ್ಕೆ ೭೮ ಆವೇಗಗಳೂ ಬರಿಯ ಗಾಳಿಯಿಂದ ನೂರಕ್ಕೆ ೨೦ ಆವೇಗಗಳೂ ಶಮನವಾದುವು. ಸುಮಾಟ್ರಿಪ್ಟಾನ್ ಎಂಬ ಮದ್ದನ್ನು ೬ ಮಿಲಿಗ್ರಾಮಿನಷ್ಟು ಚರ್ಮದಡಿ ಚುಚ್ಚುವುದೂ ಉಂಟು. ಹೃದ್ರೋಗವಿರುವವರಿಗೆ ಅದು ನಿಷಿದ್ಧ. ತಡೆಯುವುದಕ್ಕೆ ವೆರಪಮಿಲ್ ಎಂಬುದು ಮುಖ್ಯವಾದ ಗುಳಿಗೆ. ಅದನ್ನು ಕೊಡುವಾಗ ಆಗಾಗ್ಗೆ ಹೃದಯದ ಇ.ಸಿ.ಜಿ. ಪರೀಕ್ಷೆ ನಡೆಯಬೇಕು. ಅದು ಫಲಕೊಡಲು ದಿನಗಳು ಹಿಡಿಯುವುವು. ಆ ನಡುವಿನ ದಿನಗಳಿಗೆ ಸೇತುವೆಯಾಗಿ ಒದಗುವುದೇ ಹಿಂದಲೆಯ ನರಕ್ಕೆ ಕೊಡುವ ಸೂಜಿಮದ್ದು.

ಕತ್ತಿನ ಎರಡನೆಯ ಕೀಲಿನ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಟು, ಹೆಗ್ಗತ್ತಿನ ಮಾಂಸಖಂಡಗಳನ್ನು ತೂರಿ, ಹಿಂದಲೆಯ ಚರ್ಮದಲ್ಲಿ ಹರಡುವ ನರವೊಂದುಂಟು. ಅದರ ಹೆಸರು ಗ್ರೇಟರ್ ಆಕ್ಸಿಪಿಟಲ್. ಹಣೆ ಕಣ್ಣುಗಳ ನೋವನ್ನು ಒಯ್ಯುವುದು ಟ್ರೈಜೆಮಿನಲ್ ಎಂಬ ಮೂರು ಕವಲಿನ ನರದ ಮೊದಲ ಕವಲು. ನೋಡಲು ಇವೆರಡೂ ದೂರ ದೂರ. ಆದರೆ ಟ್ರೈಜೆಮಿನಲ್ ನರದ ತಂತುಗಳು ಮೆದುಳಿನ ಬುಡದಿಂದ ಕೆಳಗಿಳಿದು ಕತ್ತಿನ ಮೇಲ್ಭಾಗದ ಬೆನ್ನುಹುರಿಯ ವರೆಗೆ ಬಂದು, ಹಿಂದಲೆಯ ನರದ ತಂತುಗಳು ಮುಟ್ಟುವ ಜೀವಕೋಶಗಳನ್ನೇ ಮುಟ್ಟುತ್ತವೆ. ಕೃಷ್ಣರಾಜನಗರದ ಬಯಲಿನಲ್ಲಿ ಎರಡು ಕಾಲುವೆಗಳ ನೀರು ಒಂದೇ ಗದ್ದೆಗೆ ಬಿದ್ದರೆ ಒಂದರ ತೂಬನ್ನು ಇಳಿಸಿದಾಗ ಗದ್ದೆಯ ನೀರು ತಗ್ಗುವಂತೆ, ಹಿಂದಲೆಯ ನರವನ್ನು ತಡೆದಾಗ ಕಣ್ಣಿನ ನೋವೂ ತಗ್ಗುವುದು. ಹೆಗ್ಗತ್ತಿನಲ್ಲಿ ಹುಟ್ಟಿ ಕಣ್ಣಿನಲ್ಲಿ ನೆಲಸುವುದೆಂಬ ಅನಂತವಾತದ ಲಕ್ಷಣವನ್ನು ಬರೆದವರು ಈ ತಂತುಗಳನ್ನು ಕಂಡವರಲ್ಲ, ರೋಗಿಗಳನ್ನು ಕಂಡವರು. ಕಂಡುದನ್ನು ಕಂಡಂತೆ ಬರೆದುದರಿಂದ ಆ ವಾಕ್ಯವು ಇಂದಿಗೂ ನಿಂತಿದೆ.

ವಿಧಾನವು ಹೀಗಿದೆ. ಹಿಂದಲೆಯ ನಡುವಿನ ಎಲುಬಿನ ಗುಬುಟಿನಿಂದ ಕಿವಿಯ ಹಿಂದಿನ ಎಲುಬಿನ ವರೆಗೆ ಗೆರೆಯೆಳೆದು, ನಡುವಿನಿಂದ ಸುಮಾರು ಮೂರರಲ್ಲೊಂದು ಭಾಗ ಸರಿದು, ಅಲ್ಲಿ ಮಿಡಿಯುವ ರಕ್ತನಾಳವನ್ನು ಬೆರಳಿನಿಂದ ಗುರುತಿಸಿ, ಅದರ ಒಳಮಗ್ಗುಲಿನಲ್ಲಿ ನೋವಿರುವ ಪಕ್ಕಕ್ಕೆ ಸಣ್ಣ ಸೂಜಿಯನ್ನು ಚುಚ್ಚುವರು. ಸೂಜಿಯು ರಕ್ತನಾಳದೊಳಗೆ ಇಲ್ಲವೆಂದು ಹಿಂದಕ್ಕೆಳೆದು ನೋಡಿಕೊಂಡು, ಎರಡು ಮೂರು ಮಿಲಿಲೀಟರಿನಷ್ಟು ಮದ್ದನ್ನು ಬಿಡುವರು. ಮದ್ದಿನಲ್ಲಿ ಎರಡು ಭಾಗ: ಸ್ಥಳವನ್ನು ಮರಗಟ್ಟಿಸುವ ಲಿಗ್ನೊಕೇನಿನಂಥದು ಒಂದು, ಉರಿಯೂತವನ್ನು ಅಡಗಿಸುವ ಸ್ಟೆರಾಯ್ಡ್ ಇನ್ನೊಂದು. ಇದಕ್ಕೆ ಕೆಲವು ನಿಮಿಷಗಳು ಸಾಕು. ರೋಗಿಯು ಎಚ್ಚರವಾಗಿಯೇ ಇರುವನು. ಸ್ವಲ್ಪ ಹೊತ್ತು ಕಾದಿದ್ದು ಮನೆಗೆ ನಡೆದು ಹೋಗುವನು.

ನೋವಿನ ನರದ ಬಳಿ ಮದ್ದನ್ನು ಚುಚ್ಚುವ ಯೋಚನೆಯು ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಎಂಬ ವೈದ್ಯನು ೧೮೫೩ರಲ್ಲಿ ಮಾಡಿದ ಪ್ರಯೋಗದಷ್ಟು ಹಳೆಯದು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿದನು; ೧೯೪೩ರಲ್ಲಿ ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ ಲಿಗ್ನೊಕೇನನ್ನು ತಯಾರಿಸಿದನು. ಕ್ಲಸ್ಟರಿನಲ್ಲಿ ಇದರ ಗುಣವನ್ನು ತಕ್ಕಡಿಗಿಟ್ಟು ತೂಗಿದುದು ಈಚೆಗೆ. ೨೦೦೫ರಲ್ಲಿ ಅಂಬ್ರೋಸಿನಿ ಮತ್ತು ಸಂಗಡಿಗರು ೨೩ ರೋಗಿಗಳಲ್ಲಿ ೧೩ ಮಂದಿಗೆ ಸ್ಟೆರಾಯ್ಡನ್ನು ಮರಗಟ್ಟಿಸುವ ಮದ್ದಿನೊಡನೆಯೂ, ೧೦ ಮಂದಿಗೆ ಮರಗಟ್ಟಿಸುವ ಮದ್ದನ್ನು ಉಪ್ಪುನೀರಿನೊಡನೆಯೂ ಕೊಟ್ಟರು. ಮೊದಲ ವಾರದಲ್ಲಿ ಆ ೧೩ರಲ್ಲಿ ೧೧ ಮಂದಿಗೆ ನೋವು ಪೂರ್ತಿಯಾಗಿ ನಿಂತಿತು. ಈ ೧೦ರಲ್ಲಿ ಒಬ್ಬರಿಗೂ ನಿಲ್ಲಲಿಲ್ಲ. ನಿಂತವರಲ್ಲಿ ಎಂಟು ಮಂದಿಗೆ ನಾಲ್ಕು ವಾರದ ವರೆಗೆ ಮರುಕಳಿಸಲಿಲ್ಲ. ೨೦೧೧ರಲ್ಲಿ ಫ್ರಾನ್ಸಿನಲ್ಲಿ ೪೩ ರೋಗಿಗಳ ಮೇಲೆ ನಡೆದ ಪರೀಕ್ಷೆಯೂ ಇದನ್ನು ಸಮರ್ಥಿಸಿತು. ಇದರಿಂದ ತಿಳಿಯತಕ್ಕುದು ಎರಡು: ಮರಗಟ್ಟುವಿಕೆಯೊಂದೇ ಕೆಲಸ ಮಾಡುವುದಲ್ಲ, ಸ್ಟೆರಾಯ್ಡೂ ಬೇಕು, ಮತ್ತು ಈ ಮದ್ದು ಸಾಲನ್ನು ಮುರಿಯುವುದೇ ಹೊರತು ರೋಗದ ಬೇರನ್ನು ಕೀಳುವುದಿಲ್ಲ.

ದೋಷಗಳೂ ಇಲ್ಲದಿಲ್ಲ. ಚುಚ್ಚಿದೆಡೆ ನೋವು, ತಲೆಸುತ್ತು, ಕೆಲವರಿಗೆ ಮೂರ್ಛೆ ಇವು ಕೂಡಲೇ ಆಗುವಂಥವು. ಸ್ಟೆರಾಯ್ಡಿನಿಂದ ಚುಚ್ಚಿದೆಡೆಯ ಕೂದಲುದುರಿ ಚರ್ಮವು ಕುಳಿಬೀಳಬಹುದು. ಮಧುಮೇಹಿಗಳಿಗೆ ರಕ್ತದ ಸಕ್ಕರೆಯು ಏರುವುದು. ಹಿಂದೆ ತಲೆಬುರುಡೆಯ ಶಸ್ತ್ರಚಿಕಿತ್ಸೆಯಾಗಿ ಆ ಭಾಗದಲ್ಲಿ ಎಲುಬು ಇಲ್ಲದವರಿಗೆ ಇದನ್ನು ಮಾಡಲಾಗದು. ರಕ್ತ ಹೆಪ್ಪುಗಟ್ಟದಂತೆ ಮದ್ದು ತೆಗೆದುಕೊಳ್ಳುವವರು ವೈದ್ಯನಿಗೆ ಮೊದಲೇ ತಿಳಿಸಬೇಕು. ಸುಶ್ರುತನು ಶಿರೋಗ್ರೀವಸಂಧಿಯಲ್ಲಿ ಕೃಕಾಟಿಕೆಯೆಂಬ ಮರ್ಮವನ್ನೂ ಕಿವಿಯ ಹಿಂದೆ ಕೆಳಗಡೆ ವಿಧುರವೆಂಬ ಮರ್ಮವನ್ನೂ ಹೇಳಿದ್ದಾನೆ. ಸೂಜಿ ಹೋಗುವುದು ಇವುಗಳ ನೆರೆಯಲ್ಲಿಯೇ. ಆದುದರಿಂದ ಇದು ತರಬೇತಿ ಪಡೆದ ವೈದ್ಯನ ಕೈಯಿಂದಲ್ಲದೆ ಬೇರೆಯವರಿಂದ ಆಗತಕ್ಕ ಕೆಲಸವಲ್ಲ. ಮೊದಲ ಸಲ ಇಂಥ ನೋವು ಬಂದವರಿಗೆ ಮೆದುಳಿನ ಚಿತ್ರ ತೆಗೆಸಿ ಬೇರೆ ಗೆಡ್ಡೆ ಮೊದಲಾದುವು ಇಲ್ಲವೆಂದು ನಿಶ್ಚಯಿಸಿಕೊಳ್ಳುವುದೂ ಆವಶ್ಯಕ.

೬

ಕೊನೆಯದಾಗಿ ಹೆಸರುಗಳ ವಿಚಾರ. ನರ್ವ್ ಬ್ಲಾಕ್ ಎಂಬ ಮಾತನ್ನು ಕೇಳಿದ ಹಳ್ಳಿಯ ರೋಗಿಯು ನರವನ್ನು ಕತ್ತರಿಸುವರೆಂದೋ, ಕೈಕಾಲು ಬಿದ್ದುಹೋಗುವುದೆಂದೋ ಹೆದರುವನು. ನರಚ್ಛೇದ, ನರಬಂಧ ಎಂಬ ಮಾತುಗಳು ಈ ಹೆದರಿಕೆಯನ್ನು ಹೆಚ್ಚಿಸುತ್ತವೆ. ಹರಿಯುವುದನ್ನು ತಡೆದು ನಿಲ್ಲಿಸುವುದಕ್ಕೆ ಆಯುರ್ವೇದದಲ್ಲಿ ಸ್ತಂಭನವೆಂದು ಹೆಸರು; ಚರಕದ ಸೂತ್ರಸ್ಥಾನದಲ್ಲಿ ಎಣಿಸಿರುವ ಆರು ಉಪಕ್ರಮಗಳಲ್ಲಿ ಅದೂ ಒಂದು. ನರವು ಇದ್ದಂತೆಯೇ ಇದ್ದು ಅದರಲ್ಲಿ ಹರಿಯುವ ನೋವಿನ ಸುದ್ದಿಯು ಕೆಲಕಾಲ ನಿಲ್ಲುವುದನ್ನು ನರಸ್ತಂಭನವೆಂಬ ಮಾತು ಸರಿಯಾಗಿ ತಿಳಿಸುತ್ತದೆ. ಪಂಡಿತರ ಬರಹಕ್ಕೆ ಇದು ಸಾಕು. ಮನೆಯ ಮಾತಿಗೆ ನರ ತಡೆಯುವ ಸೂಜಿ ಎಂದರೂ ಆಗುವುದು. ಅರ್ಧಾವಭೇದಕವನ್ನೂ ಅರೆತಲೆನೋವನ್ನೂ ಮೈಗ್ರೇನಿಗೆ ಮೀಸಲಿಟ್ಟು, ಕ್ಲಸ್ಟರನ್ನು ಗೊಂಚಲು ತಲೆನೋವೆಂದು ಬೇರೆಯಾಗಿಯೇ ಕರೆಯುವುದು ಯುಕ್ತ. ಅನಂತವಾತವು ಹಳೆಯ ಗ್ರಂಥದ ಪಾರಿಭಾಷಿಕವಾಗಿಯೇ ಉಳಿಯಲಿ. ಅದರ ಮೇಲೆ ಹೊಸ ರೋಗದ ಭಾರವನ್ನು ಹೊರಿಸುವುದರಿಂದ ಹಳೆಯ ಗ್ರಂಥಕ್ಕೂ ಹೊಸ ರೋಗಿಗೂ ಅಪಕಾರವೇ.

ಈ ಚಿಕಿತ್ಸೆಗೆ ಬೇಕಾದ ಸಾಮಗ್ರಿಗಳು ದುರ್ಲಭವಲ್ಲ. ಆಮ್ಲಜನಕ, ಲಿಗ್ನೊಕೇನ್, ಸ್ಟೆರಾಯ್ಡ್ ಇವು ಸಾಮಾನ್ಯವಾದ ಆಸ್ಪತ್ರೆಗಳಲ್ಲಿ ನಿತ್ಯವೂ ಬಳಕೆಯಾಗುವ ವಸ್ತುಗಳು. ಕೊರತೆಯಿರುವುದು ಗುರುತಿಸುವುದರಲ್ಲಿ. ಹುಣಸೂರು ಪಿರಿಯಾಪಟ್ಟಣಗಳ ಶಾಲೆಯ ಉಪಾಧ್ಯಾಯನಾಗಲಿ ಹಳ್ಳಿಯ ವೈದ್ಯನಾಗಲಿ ತಲೆನೋವೆಂದು ಬಂದವನನ್ನು ನಾಲ್ಕು ಮಾತು ಕೇಳಿದರೆ ಸಾಕು: ನೋವು ಯಾವಾಗಲೂ ಒಂದೇ ಕಡೆಯೋ? ಎಷ್ಟು ಹೊತ್ತು ಇರುವುದು? ಅದೇ ಕಡೆಯ ಕಣ್ಣಿನಲ್ಲಿ ನೀರು ಬರುವುದೋ? ನೋವು ಬಂದಾಗ ಮಲಗುವೆಯೋ, ತಿರುಗಾಡುವೆಯೋ? ಒಂದೇ ಕಡೆ, ಮೂರು ಗಂಟೆಗಿಂತ ಕಡಿಮೆ, ಕಣ್ಣೀರುಂಟು, ಮಲಗಲಾರೆ ಎಂಬ ಉತ್ತರವು ಬಂದರೆ ಅವನನ್ನು ಹಲ್ಲು ಕೀಳಿಸಲು ಕಳುಹಿಸದೆ ಮೈಸೂರಿನ ನರರೋಗತಜ್ಞನ ಬಳಿಗೆ ಕಳುಹಿಸಬೇಕು. ಲಕ್ಷಣವನ್ನು ಕಂಡಂತೆ ಹೇಳುವುದೂ ಹೇಳಿದಂತೆ ಕೇಳುವುದೂ ಸುಶ್ರುತನ ಕಾಲದಲ್ಲಿ ಎಷ್ಟು ಮುಖ್ಯವಾಗಿದ್ದುವೋ ಇಂದಿಗ��� ಅಷ್ಟೇ ಮುಖ್ಯ.